ಎಸ್‌ಎಸ್‌ಡಿಗಾಗಿ ಕ್ಯಾಶ್ ಸೆಟ್ಟಿಂಗ್ ಬದಲಿಸಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ (ಫ್ಲ್ಯಾಶ್ ಚಿಪ್ಪಿನ ಡ್ರೈವ್) ಹಾಕಿಸಿದವರಿಗೆ ಎಲ್ಲೋ ಒಂದು ಕಡೆ ಉದ್ದನೆಯ ಪಟ್ಟಿ ಸಿಕ್ಕೇ ಸಿಗುತ್ತದೆ: ಸೂಪರ್‌ಫೆಚ್ ನಿಲ್ಲಿಸಿ, ಪೇಜ್‌ಫೈಲ್ ತೆಗೆಯಿರಿ, ರೈಟ್ ಕ್ಯಾಶ್ (ಬರೆಯಬೇಕಾದ ಡೇಟಾ ತಾತ್ಕಾಲಿಕವಾಗಿ ತಂಗುವ ಜಾಗ) ಆಫ್ ಮಾಡಿ. ಪಕ್ಕದ ಪಟ್ಟಿಯಲ್ಲಿ ಅದೇ ರೈಟ್ ಕ್ಯಾಶನ್ನು ಆನ್ ಮಾಡಿ ಅಂತಲೂ ಇರುತ್ತದೆ. ಈ ಸಲಹೆಗಳಲ್ಲಿ ಬಹುಪಾಲು ವಿಂಡೋಸ್ ಎಕ್ಸ್‌ಪಿ, ವಿಸ್ಟಾ ಕಾಲದವು. ಆಗಿನ ಆಪರೇಟಿಂಗ್ ಸಿಸ್ಟಂಗಳು ಎಸ್‌ಎಸ್‌ಡಿಯನ್ನೂ ಹಾರ್ಡ್ ಡಿಸ್ಕ್ ಎಂದೇ ತಿಳಿದು ನಡೆಸಿಕೊಳ್ಳುತ್ತಿದ್ದವು. ಈಗ ಹಾಗಿಲ್ಲ, ಆದರೂ ಪಟ್ಟಿಗಳು ಮಾತ್ರ ಓಡಾಡುತ್ತಲೇ ಇವೆ.

ಬದಲಿಸಬೇಕೋ ಬೇಡವೋ, ಅಷ್ಟು ಹೇಳಿ ಸಾಕು.

ಬೇಡ. ಮನೆ, ಕಚೇರಿ, ಅಂಗಡಿಯ ಕಂಪ್ಯೂಟರಿಗೆ ವಿಂಡೋಸ್ 10, 11 ಅಥವಾ ಈಚಿನ ಲಿನಕ್ಸ್ ತಾನಾಗಿ ಇಟ್ಟುಕೊಂಡಿರುವ ಸೆಟ್ಟಿಂಗೇ ಸರಿ. ಬದಲಿಸಿದರೆ ನಿಜವಾಗಿ ಉಪಯೋಗ ಕಾಣುವುದು ಮುಖ್ಯವಾಗಿ ಎರಡು ಕಡೆ: ವಿಂಡೋಸ್‌ಗೆ ಹೊರಗಿನಿಂದ ಜೋಡಿಸಿದ ಯುಎಸ್‌ಬಿ ಎಸ್‌ಎಸ್‌ಡಿ, ಮತ್ತು ಲಿನಕ್ಸ್‌ನಲ್ಲಿ ದೊಡ್ಡ ಫೈಲ್ ಕಾಪಿ ಮಾಡುವಾಗ ಇಡೀ ಯಂತ್ರ ಮಂಕಾಗುವುದು. ಮುಟ್ಟಿದರೆ ಡೇಟಾಗೇ ಕುತ್ತು ತರುವ ಸೆಟ್ಟಿಂಗೂ ಒಂದಿದೆ. ಮೂರನ್ನೂ ಕೆಳಗೆ ವಿವರಿಸಿದೆ.

ಕ್ಯಾಶ್ ಅಂದರೆ ಯಾವ ಕ್ಯಾಶ್?

ಗೊಂದಲ ಶುರುವಾಗುವುದೇ ಇಲ್ಲಿಂದ. ನೀವು ಫೈಲೊಂದನ್ನು ಸೇವ್ ಮಾಡಿದಾಗ ಅದು ಫ್ಲ್ಯಾಶ್ ಚಿಪ್ಪಿನ ಕೊನೆಯ ಜಾಗಕ್ಕೆ ಹೋಗುವ ದಾರಿಯಲ್ಲಿ ಮೂರು ಕಡೆ ತಂಗಬಹುದು.

ಮೊದಲನೆಯದು ಕಂಪ್ಯೂಟರಿನ ರ‍್ಯಾಮ್. ಆಪರೇಟಿಂಗ್ ಸಿಸ್ಟಂ ಬರೆಯಬೇಕಾದ್ದನ್ನು ಇಲ್ಲಿ ಇಟ್ಟುಕೊಂಡು, ಅಪ್ಲಿಕೇಶನ್‌ಗೆ "ಆಯ್ತು" ಎಂದು ಹೇಳಿ, ಆಮೇಲೆ ನಿಧಾನವಾಗಿ ಡ್ರೈವಿಗೆ ಇಳಿಸುತ್ತದೆ. ವಿಂಡೋಸ್ ಸೆಕೆಂಡಿಗೊಮ್ಮೆ ಎದ್ದು, ಬಾಕಿ ಇರುವ ಪುಟಗಳಲ್ಲಿ (ಡೇಟಾದ ಸಣ್ಣ ತುಂಡುಗಳಲ್ಲಿ) ಸುಮಾರು ಎಂಟನೇ ಒಂದು ಭಾಗವನ್ನು ಬರೆಯುವ ಸರದಿಗೆ ಹಾಕುತ್ತದೆ. ಲಿನಕ್ಸ್ 5 ಸೆಕೆಂಡಿಗೊಮ್ಮೆ ನೋಡಿ, 30 ಸೆಕೆಂಡಿಗಿಂತ ಹಳೆಯದಾದ ಬಾಕಿಯನ್ನು ಇಳಿಸುತ್ತದೆ.

ಎರಡನೆಯದು ಎಸ್‌ಎಸ್‌ಡಿಯೊಳಗಿನ ಬಫರ್, ಅಂದರೆ ಡ್ರೈವನ್ನು ನಡೆಸುವ ಚಿಪ್ಪಾದ ಕಂಟ್ರೋಲರ್‌ನ ಒಳಗೋ ಪಕ್ಕದ ಡಿರ‍್ಯಾಮ್ ಚಿಪ್ಪಿನಲ್ಲೋ ಇರುವ ಪುಟ್ಟ ಜಾಗ. ಕರೆಂಟ್ ಹೋದರೆ ಇದರಲ್ಲಿದ್ದದ್ದೂ ಹೋಗುತ್ತದೆ. ವಿಂಡೋಸ್‌ನ "ರೈಟ್ ಕ್ಯಾಶಿಂಗ್" ಟಿಕ್ ಸಂಬಂಧಪಡುವುದು ಇದಕ್ಕೆ.

ಮೂರನೆಯದು ಜಾಹೀರಾತಿನಲ್ಲಿ ಎಸ್‌ಎಲ್‌ಸಿ ಕ್ಯಾಶ್ ಎಂದು ಕರೆಸಿಕೊಳ್ಳುವುದು. ಇದು ಫ್ಲ್ಯಾಶೇ. ಒಂದು ಸೆಲ್‌ಗೆ 3 ಅಥವಾ 4 ಬಿಟ್ ತುಂಬುವ ಬದಲು ಒಂದೇ ಬಿಟ್ ಬರೆದು ವೇಗ ಗಳಿಸುವ ಉಪಾಯ. ಕರೆಂಟ್ ಹೋದರೂ ಇಲ್ಲಿದ್ದದ್ದು ಉಳಿಯುತ್ತದೆ. ಇದನ್ನು ಆಪರೇಟಿಂಗ್ ಸಿಸ್ಟಂನಿಂದ ಬದಲಿಸುವ ದಾರಿಯಿಲ್ಲ, ಎಲ್ಲವೂ ಡ್ರೈವಿನೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಕೈಯಲ್ಲಿ.

ಎಸ್‌ಎಸ್‌ಡಿಯ ಡಿರ‍್ಯಾಮ್ 1 ಜಿಬಿ ಅಂದರೆ 1 ಜಿಬಿ ಡೇಟಾ ಅಲ್ಲೇ ನಿಲ್ಲುತ್ತದೆಯೇ?

ಇಲ್ಲ. ಅದರ ಬಹುಪಾಲು ವಿಳಾಸ ಪಟ್ಟಿಗೆ ಹೋಗುತ್ತದೆ: ಯಾವ ಡೇಟಾ ಯಾವ ಚಿಪ್ಪಿನ ಯಾವ ಪುಟದಲ್ಲಿದೆ ಎಂಬ ಲೆಕ್ಕ. 4 ಕೆಬಿಗೊಂದು ನಮೂದು, ನಮೂದಿಗೆ 4 ಬೈಟ್ ಎಂದರೆ 1 ಟಿಬಿ ಡ್ರೈವಿಗೆ ಸುಮಾರು 1 ಜಿಬಿ ಬೇಕು. ನಿಮ್ಮ ಡೇಟಾಗೆ ಉಳಿಯುವ ಬಫರ್ ಇದರಲ್ಲಿ ಸಣ್ಣ ಪಾಲು.

ಡಿರ‍್ಯಾಮ್ ಇಲ್ಲದ ಅಗ್ಗದ ಎನ್‌ವಿಎಂಇ ಡ್ರೈವ್‌ಗಳು (ಸಾಟಾ ಕೇಬಲ್ಲಿಗಿಂತ ವೇಗದ ಸಂಪರ್ಕ ಬಳಸುವ ಎಸ್‌ಎಸ್‌ಡಿಗಳು) ಈ ಪಟ್ಟಿಯ ತುಣುಕಿಗಾಗಿ ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಒಂದಿಷ್ಟು ಜಾಗ ಕೇಳಿ ಪಡೆಯುತ್ತವೆ. ಇದಕ್ಕೆ ಹೋಸ್ಟ್ ಮೆಮರಿ ಬಫರ್ ಎಂದು ಹೆಸರು. ವಿಂಡೋಸ್ ಇದನ್ನು ಸಾಮಾನ್ಯವಾಗಿ 64 ಎಂಬಿ ಆಸುಪಾಸಿಗೆ ಮಿತಿಗೊಳಿಸುತ್ತಿತ್ತು. 2024ರ ವಿಂಡೋಸ್ 11 24ಎಚ್2 ಅಪ್‌ಡೇಟ್, ಡ್ರೈವ್ ಕೇಳಿದ 200 ಎಂಬಿಯನ್ನೂ ಕೊಡತೊಡಗಿದಾಗ ಡಬ್ಲ್ಯುಡಿ ಎಸ್‌ಎನ್770, ಎಸ್‌ಎನ್580 ಸರಣಿಯ 2 ಟಿಬಿ ಡ್ರೈವ್‌ಗಳಿದ್ದ ಯಂತ್ರಗಳಲ್ಲಿ ನೀಲಿ ಪರದೆ ಬರತೊಡಗಿತು. ರಿಜಿಸ್ಟ್ರಿಯಲ್ಲಿ ಈ ಬಫರ್ ಕುಗ್ಗಿಸುವುದು ಆಗ ಸಿಕ್ಕ ತಾತ್ಕಾಲಿಕ ಮದ್ದು. ಪೂರ್ತಿ ಪರಿಹಾರ ಕೊಟ್ಟದ್ದು ಕಂಪನಿಯ ಹೊಸ ಫರ್ಮ್‌ವೇರ್. ಈ ಡ್ರೈವ್ ಇದ್ದರೆ ಫರ್ಮ್‌ವೇರ್ ಹಾಕಿಕೊಳ್ಳಿ. ಆಗ ಮಾಡಿದ ರಿಜಿಸ್ಟ್ರಿ ಬದಲಾವಣೆ ಇನ್ನೂ ಉಳಿದಿದ್ದರೆ ತೆಗೆದುಬಿಡಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಎರಡು ಟಿಕ್ ಇವೆಯಲ್ಲ, ಅವು ಏನು?

ಡಿವೈಸ್ ಮ್ಯಾನೇಜರ್ ತೆರೆದು, ಡಿಸ್ಕ್ ಡ್ರೈವ್ಸ್ ಅಡಿಯಲ್ಲಿ ನಿಮ್ಮ ಎಸ್‌ಎಸ್‌ಡಿ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಪಾಲಿಸೀಸ್ ಟ್ಯಾಬಿಗೆ ಹೋದರೆ ಈ ಎರಡು ಚೌಕ ಕಾಣುತ್ತವೆ.

ಮೇಲಿನದು "ಎನೇಬಲ್ ರೈಟ್ ಕ್ಯಾಶಿಂಗ್ ಆನ್ ದ ಡಿವೈಸ್". ಒಳಗಿನ ಡ್ರೈವಿಗೆ ಇದು ಮೊದಲೇ ಆನ್ ಆಗಿರುತ್ತದೆ, ಹಾಗೆಯೇ ಇರಲಿ. ತೆಗೆದರೆ ಪ್ರತಿಯೊಂದು ಬರಹವೂ ಫ್ಲ್ಯಾಶಿಗೆ ಇಳಿಯುವ ತನಕ ಕಾಯಬೇಕು. ಸಣ್ಣ ಸಣ್ಣ ಬರಹಗಳನ್ನು ಒಟ್ಟುಗೂಡಿಸಿ ಒಂದೇ ಪುಟವಾಗಿ ಬರೆಯುವ ಅವಕಾಶ ಕಂಟ್ರೋಲರ್‌ಗೆ ತಪ್ಪುತ್ತದೆ. ವೇಗ ಬೀಳುವುದರ ಜೊತೆಗೆ ಸವೆತವೂ ಹೆಚ್ಚಬಹುದು. "ಎಸ್‌ಎಸ್‌ಡಿ ಬಾಳಿಕೆಗಾಗಿ ರೈಟ್ ಕ್ಯಾಶ್ ಆಫ್ ಮಾಡಿ" ಎನ್ನುವ ಸಲಹೆ ತಲೆಕೆಳಗಾಗಿದೆ ಎನ್ನುವುದು ಈ ಕಾರಣಕ್ಕೆ. ಕೆಲವು ಡ್ರೈವ್‌ಗಳಲ್ಲಿ ಟಿಕ್ ತೆಗೆಯಲು ಹೋದರೆ ಬದಲಿಸಲಾಗಲಿಲ್ಲ ಎಂಬ ಸಂದೇಶ ಬರುತ್ತದೆ. ಅದು ದೋಷವಲ್ಲ, ಡ್ರೈವ್ ಆ ಆಯ್ಕೆಯನ್ನು ಕೊಟ್ಟಿಲ್ಲ, ಅಷ್ಟೇ.

ಕೆಳಗಿನದು "ಟರ್ನ್ ಆಫ್ ವಿಂಡೋಸ್ ರೈಟ್-ಕ್ಯಾಶ್ ಬಫರ್ ಫ್ಲಶಿಂಗ್". ಡೇಟಾಗೆ ಕುತ್ತು ತರುವ ಸೆಟ್ಟಿಂಗ್ ಅಂದದ್ದು ಇದನ್ನೇ. ಇದರಲ್ಲಿ ಟಿಕ್ ಇರಬಾರದು.

ಆ ಎರಡನೇ ಟಿಕ್ ಹಾಕಿದರೆ ಬೆಂಚ್‌ಮಾರ್ಕಿನಲ್ಲಿ ವೇಗ ಹೆಚ್ಚುತ್ತದಲ್ಲ?

ಕೆಲವು ಡ್ರೈವ್‌ಗಳಲ್ಲಿ ಹೆಚ್ಚುತ್ತದೆ, ನಿಜ. ಹೆಚ್ಚುವುದು ಯಾಕೆ ಎಂಬುದನ್ನು ನೋಡಿ.

ಫೈಲ್ ಸಿಸ್ಟಂ ಒಂದು ಕ್ರಮವನ್ನು ನಂಬಿ ಕೂತಿರುತ್ತದೆ. ವಿಂಡೋಸ್‌ನ ಫೈಲ್ ಸಿಸ್ಟಂ ಆದ ಎನ್‌ಟಿಎಫ್‌ಎಸ್ ಮೊದಲು "ಇಂಥ ಬದಲಾವಣೆ ಮಾಡಲಿದ್ದೇನೆ" ಎಂದು ಜರ್ನಲ್‌ನಲ್ಲಿ ಬರೆದು, ಅದು ಗಟ್ಟಿಯಾಗಿ ಕೂತಿತೆಂದು ಖಚಿತಪಡಿಸಿಕೊಂಡ ಮೇಲೆಯೇ ನಿಜವಾದ ಬದಲಾವಣೆಗೆ ಕೈ ಹಾಕುತ್ತದೆ. ಹಾಗೆ ಖಚಿತಪಡಿಸಿಕೊಳ್ಳಲು ಡ್ರೈವಿಗೆ ಕಳಿಸುವ ಆಜ್ಞೆಯೇ ಫ್ಲಶ್: "ಬಫರಿನಲ್ಲಿರುವುದನ್ನೆಲ್ಲ ಈಗಲೇ ಫ್ಲ್ಯಾಶಿಗೆ ಇಳಿಸು, ಇಳಿಸಿದ ಮೇಲೆ ಹೇಳು." ಟಿಎಲ್‌ಸಿ ಫ್ಲ್ಯಾಶ್‌ಗೆ (ಸೆಲ್‌ಗೆ 3 ಬಿಟ್ ತುಂಬುವಂಥದ್ದು) ಬರೆಯಲು ನೂರಾರು ಮೈಕ್ರೋಸೆಕೆಂಡ್ ಬೇಕು, ಆದ್ದರಿಂದ ಫ್ಲಶ್ ನಿಧಾನ. ಟಿಕ್ ಹಾಕಿದರೆ ವಿಂಡೋಸ್ ಈ ಆಜ್ಞೆ ಕಳಿಸುವುದನ್ನೇ ಬಿಡುತ್ತದೆ. ಕಾಯುವುದು ತಪ್ಪಿತು, ಅಂಕಿ ಏರಿತು.

ಕರೆಂಟ್ ಹೋದ ಕ್ಷಣದಲ್ಲಿ ಬಫರಿನಲ್ಲಿ ಜರ್ನಲ್ ತುಣುಕು ಉಳಿದು, ಅದರ ನಂತರದ ಬದಲಾವಣೆ ಮಾತ್ರ ಫ್ಲ್ಯಾಶಿಗೆ ಇಳಿದಿದ್ದರೆ, ಮತ್ತೆ ಆನ್ ಮಾಡಿದಾಗ ಸರಿಪಡಿಸಲು ಎನ್‌ಟಿಎಫ್‌ಎಸ್ ಬಳಿ ದಾಖಲೆಯೇ ಇರುವುದಿಲ್ಲ. ಕೊನೆಯ ಎರಡು ಸಾಲು ಟೈಪಿಂಗ್ ಹೋದರೆ ಮತ್ತೆ ಬರೆಯಬಹುದು. ಇಲ್ಲಿ ಹೋಗುವುದು ಫೋಲ್ಡರಿನ ರಚನೆಯೇ ಇರಬಹುದು, ಟ್ಯಾಲಿಯ ಡೇಟಾ ಫೈಲೇ ಇರಬಹುದು.

ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಆಗಲೂ ಅಪಾಯವೇ?

ಕಡಿಮೆ, ಆದರೆ ಇದೆ. ನೀಲಿ ಪರದೆ ಬಂದರೆ ಡ್ರೈವಿಗೆ ಕರೆಂಟ್ ಇನ್ನೂ ಇರುವುದರಿಂದ ಅದರ ಬಫರ್ ಸುರಕ್ಷಿತ. ಆದರೆ ಯಂತ್ರ ಸಿಕ್ಕಿಕೊಂಡಾಗ ನಾವೆಲ್ಲ ಮಾಡುವ ಕೆಲಸವೇನು? ಪವರ್ ಬಟನ್ ಒತ್ತಿ ಹಿಡಿಯುವುದು. ಅದು ಕರೆಂಟ್ ಕಡಿದ ಹಾಗೆಯೇ. ಹಳೆಯ ಬ್ಯಾಟರಿ 20 ಶೇಕಡಾ ತೋರಿಸುತ್ತಲೇ ಥಟ್ಟನೆ ಆಫ್ ಆಗುವುದೂ ಹೊಸದಲ್ಲ.

ಡೆಸ್ಕ್‌ಟಾಪ್, ಮನೆಯಲ್ಲಿ ಇನ್ವರ್ಟರ್ ಇದೆ. ಸಾಕೇ?

ಇನ್ವರ್ಟರ್ ಬೇರೆ, ಯುಪಿಎಸ್ ಬೇರೆ. ಮೇನ್ಸ್ ಹೋಗಿ ಬ್ಯಾಟರಿಗೆ ಬದಲಾಗುವ ನಡುವಿನ ಹೊತ್ತು ಮಿಲಿಸೆಕೆಂಡ್‌ಗಳ ಲೆಕ್ಕ. ಪೂರ್ತಿ ಲೋಡ್‌ನಲ್ಲಿ ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗಿನ ಪವರ್ ಸಪ್ಲೈ) ತಡೆದುಕೊಳ್ಳುವುದು ಸುಮಾರು 12ರಿಂದ 17 ಮಿಲಿಸೆಕೆಂಡ್. ಅಗ್ಗದ್ದು ಅಷ್ಟೂ ತಡೆಯದು. ಮನೆಯ ಇನ್ವರ್ಟರ್‌ಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಕಂಪ್ಯೂಟರ್ ಇದ್ದರೆ ಅದು ಯುಪಿಎಸ್ ಮೋಡ್‌ನಲ್ಲಿರಬೇಕು, ಬದಲಾಗುವುದು ಬೇಗ. ಆದರೆ ಆ ಮೋಡ್ ಒಪ್ಪಿಕೊಳ್ಳುವ ವೋಲ್ಟೇಜ್ ವ್ಯಾಪ್ತಿ ಕಿರಿದು. ಸಂಜೆ ವೋಲ್ಟೇಜ್ ಇಳಿಯುವ ಊರಿನಲ್ಲಿ ಇನ್ವರ್ಟರ್ ಮೇಲಿಂದ ಮೇಲೆ ಬ್ಯಾಟರಿಗೆ ಹಾರಿ, ಬ್ಯಾಟರಿ ಬೇಗ ಇಳಿಯುತ್ತದೆ. ಅಂಥಲ್ಲಿ ಕಂಪ್ಯೂಟರಿಗೆ ಬೇರೆಯಾಗಿ 600 ವಿಎಯ ಒಂದು ಯುಪಿಎಸ್ ಇಡುವುದು ಮೇಲು. ಇದ್ದರೂ ಎರಡನೇ ಟಿಕ್ ಹಾಕುವ ಅಗತ್ಯವಿಲ್ಲ. ಯುಪಿಎಸ್ ಇರುವುದು ಉಳಿದದ್ದನ್ನು ಕಾಪಾಡಲು.

ಇದುವರೆಗೆ ಎಷ್ಟು ಸಲ ಕರೆಂಟ್ ಹಠಾತ್ತನೆ ಹೋಗಿದೆ ಎಂದು ನೋಡಬೇಕೆಂದರೆ ಡ್ರೈವಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂ ತೆರೆದು ಎನ್‌ವಿಎಂಇ ಡ್ರೈವಿನ "ಅನ್‌ಸೇಫ್ ಶಟ್‌ಡೌನ್ಸ್" ಸಾಲು ಓದಿ. ಅಲ್ಲಿನ ಅಂಕಿ ಕೆಲವೊಮ್ಮೆ ಹೆಕ್ಸಾಡೆಸಿಮಲ್‌ನಲ್ಲಿರುತ್ತದೆ. ಫಂಕ್ಷನ್ ಮೆನುವಿನಲ್ಲಿ ರಾ ವ್ಯಾಲ್ಯೂಸ್ ಎಂಬಲ್ಲಿ ದಶಮಾಂಶಕ್ಕೆ ಬದಲಿಸಿಕೊಳ್ಳಿ.

ಹಾಗಾದರೆ ಆ ಟಿಕ್ ಇರುವುದಾದರೂ ಯಾರಿಗೆ?

ಪವರ್ ಲಾಸ್ ಪ್ರೊಟೆಕ್ಷನ್ ಇರುವ ಸರ್ವರ್ ಡ್ರೈವ್ ಇದ್ದವರಿಗೆ. ಅವುಗಳ ಬೋರ್ಡಿನ ಮೇಲೆ ಸಾಲಾಗಿ ಕೆಪಾಸಿಟರ್‌ಗಳಿರುತ್ತವೆ. ಕರೆಂಟ್ ಹೋದಾಗ ಬಫರನ್ನು ಫ್ಲ್ಯಾಶಿಗೆ ಇಳಿಸಿ ಮುಗಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತದೆ. ತಮಾಷೆಯೆಂದರೆ, ಅಂಥ ಡ್ರೈವ್ ಫ್ಲಶ್ ಆಜ್ಞೆ ಬಂದರೆ ತಕ್ಷಣ "ಆಯ್ತು" ಎನ್ನಬಲ್ಲದು. ಹೀಗಾಗಿ ಅಲ್ಲಿ ಟಿಕ್ ಹಾಕಿದರೂ ಸಿಗುವ ಲಾಭ ಅತ್ಯಲ್ಪ. ಬೇಕಾದವರಿಗೆ ಅಪಾಯ, ಅಪಾಯವಿಲ್ಲದವರಿಗೆ ಬೇಕಿಲ್ಲ.

ಯುಎಸ್‌ಬಿ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ ತುಂಬ ನಿಧಾನ. ಏನು ಮಾಡಬೇಕು?

ಇಲ್ಲಿ ಸೆಟ್ಟಿಂಗ್ ಬದಲಿಸುವುದು ಸಾರ್ಥಕ. ವಿಂಡೋಸ್ 10ರ 1809 ಆವೃತ್ತಿಯಿಂದ ಹೊರಗಿನ ಡ್ರೈವ್‌ಗಳಿಗೆ "ಕ್ವಿಕ್ ರಿಮೂವಲ್" ಎಂಬುದೇ ಸಹಜ ಸೆಟ್ಟಿಂಗ್. ಕಿತ್ತರೂ ತೊಂದರೆಯಾಗದಿರಲಿ ಎಂದು ಬರಹದ ಕ್ಯಾಶ್ ಅನ್ನು ಬಳಸುವುದಿಲ್ಲ. ಒಂದು ದೊಡ್ಡ ವೀಡಿಯೊ ಕಾಪಿಯಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣದು. ಸಾವಿರಾರು ಸಣ್ಣ ಫೋಟೊ, ಕೋಡ್ ಫೋಲ್ಡರ್ ಆದರೆ ಚೆನ್ನಾಗಿಯೇ ಕಾಣುತ್ತದೆ.

ಅದೇ ಪಾಲಿಸೀಸ್ ಟ್ಯಾಬಿನಲ್ಲಿ "ಬೆಟರ್ ಪರ್ಫಾರ್ಮೆನ್ಸ್" ಆರಿಸಿ, ಅದರ ಕೆಳಗಿನ ಮೊದಲ ಚೌಕಕ್ಕೆ ಮಾತ್ರ ಟಿಕ್ ಹಾಕಿ. ಅಲ್ಲಿಂದ ಮುಂದೆ ಟಾಸ್ಕ್‌ಬಾರಿನ ಸೇಫ್ಲಿ ರಿಮೂವ್ ಒತ್ತದೆ ಕೇಬಲ್ ಕೀಳುವಂತಿಲ್ಲ. ಸೆಟ್ಟಿಂಗ್ ಉಳಿಯುವುದು ಅದೇ ಪೋರ್ಟಿಗೆ ಮತ್ತೆ ಚುಚ್ಚಿದಾಗ. ಬೇರೆ ಪೋರ್ಟಿಗೆ ಹಾಕಿದರೆ ಹಳೆಯದಕ್ಕೆ ಮರಳಿರಬಹುದು, ಒಮ್ಮೆ ನೋಡಿಕೊಳ್ಳಿ. ಕೇಬಲ್ ಸಡಿಲವಿದ್ದು ಆಗಾಗ ಕಡಿದುಹೋಗುವ ಎನ್‌ಕ್ಲೋಶರ್ (ಎಸ್‌ಎಸ್‌ಡಿ ಕೂರಿಸುವ ಹೊರಪೆಟ್ಟಿಗೆ) ಆದರೆ ಈ ಬದಲಾವಣೆ ಬೇಡ, ಮೊದಲು ಕೇಬಲ್ ಬದಲಿಸಿ.

ಸಿಸ್‌ಮೇನ್ ಅಥವಾ ಸೂಪರ್‌ಫೆಚ್ ನಿಲ್ಲಿಸಬೇಕೇ?

ಬೇಡ. ವಿಸ್ಟಾದಲ್ಲಿ ಬಂದ ಸೂಪರ್‌ಫೆಚ್‌ಗೆ 1809 ಆವೃತ್ತಿಯಲ್ಲಿ ಸಿಸ್‌ಮೇನ್ ಎಂದು ಹೆಸರು ಬದಲಾಯಿತು. ನೀವು ಹೆಚ್ಚು ಬಳಸುವ ಪ್ರೋಗ್ರಾಂಗಳನ್ನು ಖಾಲಿ ರ‍್ಯಾಮ್‌ಗೆ ಮೊದಲೇ ಓದಿಡುವುದು ಅದರ ಕೆಲಸ. ಓದುವುದರಿಂದ ಫ್ಲ್ಯಾಶ್ ಸವೆಯುವುದು ಲೆಕ್ಕಕ್ಕೇ ಬಾರದಷ್ಟು. ವೇಗದ ಎಸ್‌ಎಸ್‌ಡಿ ಕಂಡರೆ ಇದನ್ನು ತಾನೇ ತಗ್ಗಿಸುವ ಬುದ್ಧಿ ವಿಂಡೋಸ್ 7ಕ್ಕೇ ಇತ್ತು.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ: ವಿಂಡೋಸ್ 10, 11ರಲ್ಲಿ ಮೆಮರಿ ಕಂಪ್ರೆಶನ್ (ರ‍್ಯಾಮ್‌ನಲ್ಲಿರುವುದನ್ನು ಕುಗ್ಗಿಸಿ ಇಡುವುದು) ಕೂಡ ಈ ಸೇವೆಯನ್ನೇ ನೆಚ್ಚಿಕೊಂಡಿದೆ. 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿನಲ್ಲಿ ಸಿಸ್‌ಮೇನ್ ನಿಲ್ಲಿಸಿದರೆ ಕಂಪ್ರೆಶನ್ ನಿಂತು, ಪೇಜ್‌ಫೈಲಿಗೆ ಬರೆಯುವುದು ಹೆಚ್ಚುತ್ತದೆ. ಎಸ್‌ಎಸ್‌ಡಿ ಉಳಿಸಲು ಹೊರಟು ಅದಕ್ಕೇ ಹೊರೆ ಹಾಕಿದಂತೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್, ಮೆಮರಿ ಪುಟದಲ್ಲಿ "ಇನ್ ಯೂಸ್" ಅಂಕಿಯ ಪಕ್ಕದ ಆವರಣದಲ್ಲಿ ಕಂಪ್ರೆಸ್ ಆದದ್ದೆಷ್ಟು ಎಂದು ಕಾಣುತ್ತದೆ.

"ಡಿಸ್ಕ್ 100 ಶೇಕಡಾ" ದೂರಿಗೆ ಸಿಸ್‌ಮೇನ್ ನಿಲ್ಲಿಸುವ ಮದ್ದು ಹಾರ್ಡ್ ಡಿಸ್ಕ್ ಕಾಲದ್ದು. ಎಸ್‌ಎಸ್‌ಡಿ ಇದ್ದೂ 100 ತೋರಿಸುತ್ತಿದ್ದರೆ ಡ್ರೈವ್ ಕೆಟ್ಟಿರುವುದು, ಸಾಟಾ ಕೇಬಲ್ ಸಡಿಲವಾಗಿರುವುದು, ಇಲ್ಲವೇ ಎಸ್‌ಎಲ್‌ಸಿ ಕ್ಯಾಶ್ ತುಂಬಿರುವುದು ಹೆಚ್ಚು ಸಂಭವ.

ರೆಡಿಬೂಸ್ಟ್?

ಇದು ಪೆನ್‌ಡ್ರೈವನ್ನು ಕ್ಯಾಶ್ ಆಗಿ ಬಳಸುವ ವಿಂಡೋಸ್ ಸೌಲಭ್ಯ. ಎಸ್‌ಎಸ್‌ಡಿ ಇದ್ದರೆ ಅದಕ್ಕೆ ಅರ್ಥವಿಲ್ಲ. ಪೆನ್‌ಡ್ರೈವ್ ಎಸ್‌ಎಸ್‌ಡಿಗಿಂತ ನಿಧಾನ.

ಪೇಜ್‌ಫೈಲ್ ತೆಗೆದರೆ, ಅಥವಾ ಹಾರ್ಡ್ ಡಿಸ್ಕಿಗೆ ಸಾಗಿಸಿದರೆ ಎಸ್‌ಎಸ್‌ಡಿ ಹೆಚ್ಚು ಬಾಳುವುದೇ?

ರ‍್ಯಾಮ್ ಸಾಲದಾದಾಗ ಅಲ್ಲಿರುವುದನ್ನು ವಿಂಡೋಸ್ ಸಾಗಿಸಿಡುವ ಫೈಲೇ ಪೇಜ್‌ಫೈಲ್. ಅದಕ್ಕೆ ಎಸ್‌ಎಸ್‌ಡಿಗಿಂತ ಒಳ್ಳೆಯ ಜಾಗವಿಲ್ಲ. ವಿಂಡೋಸ್ 7 ರೂಪಿಸಿದ ತಂಡ 2009ರಲ್ಲಿ ಹೇಳಿದ ಲೆಕ್ಕದಂತೆ, ಪೇಜ್‌ಫೈಲಿನಲ್ಲಿ ಒಂದು ಬರಹಕ್ಕೆ ಸುಮಾರು 40 ಓದು. ಓದುಗಳು ಬಹುತೇಕ ಚಿಕ್ಕವು, ಬರಹಗಳು ದೊಡ್ಡ ತುಂಡುಗಳು. ಎಸ್‌ಎಸ್‌ಡಿಗೆ ಒಗ್ಗುವುದು ಇದೇ ಮಾದರಿ. "ಆಟೊಮ್ಯಾಟಿಕಲಿ ಮ್ಯಾನೇಜ್" ಎಂದೇ ಬಿಡಿ. ಪೂರ್ತಿ ತೆಗೆದರೆ ರ‍್ಯಾಮ್ ಬಾಕಿಯಿರುವಂತೆ ಕಾಣುವಾಗಲೇ ಪ್ರೋಗ್ರಾಂಗಳು ಮೆಮರಿ ಸಾಲದೆಂದು ಮುಚ್ಚಿಕೊಳ್ಳುತ್ತವೆ, ನೀಲಿ ಪರದೆ ಬಂದಾಗ ಕಾರಣ ಹುಡುಕಲು ಬೇಕಾದ ಡಂಪ್ ಫೈಲೂ ಸಿಗದೆ ಹೋಗಬಹುದು.

ಬಾಳಿಕೆಯ ಭಯಕ್ಕೆ ಲೆಕ್ಕವೇ ಉತ್ತರ. ಸ್ಯಾಮ್‌ಸಂಗ್ 870 ಇವೊ 500 ಜಿಬಿ ಡ್ರೈವಿಗೆ ಕಂಪನಿ ಕೊಡುವ ಬರಹದ ಖಾತರಿ 300 ಟಿಬಿ. ದಿನಕ್ಕೆ 20 ಜಿಬಿ ಬರೆದರೆ 15,000 ದಿನ, ಅಂದರೆ 41 ವರ್ಷ. ಕಿಂಗ್‌ಸ್ಟನ್ ಎ400ನ 240 ಜಿಬಿ ಮಾದರಿಗೆ 80 ಟಿಬಿ. ಅದೂ ಇದೇ ಲೆಕ್ಕದಲ್ಲಿ 10 ವರ್ಷ ದಾಟುತ್ತದೆ. ನಿಮ್ಮ ಡ್ರೈವ್ ಎಷ್ಟು ಬರೆದಿದೆ ಎಂದು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ "ಟೋಟಲ್ ಹೋಸ್ಟ್ ರೈಟ್ಸ್" ನೋಡಿ, ಒಂದು ವಾರ ಬಿಟ್ಟು ಮತ್ತೆ ನೋಡಿ, ವ್ಯತ್ಯಾಸವನ್ನು 7ರಿಂದ ಭಾಗಿಸಿ. ಬಂದ ಅಂಕಿ ನೋಡಿದ ಮೇಲೆ ಬಹಳ ಜನ ಈ ಚಿಂತೆ ಬಿಡುತ್ತಾರೆ.

ದೊಡ್ಡ ಫೈಲ್ ಕಾಪಿ ಮಾಡುವಾಗ ಮೊದಲು ಜೋರಾಗಿದ್ದು ನಡುವೆ ಕುಸಿಯುತ್ತದೆ. ಕ್ಯಾಶ್ ಸೆಟ್ಟಿಂಗ್ ಸಮಸ್ಯೆಯೇ?

ಕ್ಯಾಶ್ ಸಮಸ್ಯೆ ಹೌದು, ಸೆಟ್ಟಿಂಗ್ ಸಮಸ್ಯೆ ಅಲ್ಲ. ಮೊದಲ ಕೆಲವು ಸೆಕೆಂಡು ನೀವು ನೋಡುವುದು ರ‍್ಯಾಮ್ ತುಂಬುವ ವೇಗ. ಆಮೇಲೆ ಎಸ್‌ಎಲ್‌ಸಿ ಕ್ಯಾಶ್ ತುಂಬುವ ವೇಗ. ಅದೂ ಮುಗಿದ ಮೇಲೆ ಕಾಣುವುದು ಫ್ಲ್ಯಾಶಿನ ಅಸಲಿ ವೇಗ. ಸೆಲ್‌ಗೆ 4 ಬಿಟ್ ತುಂಬುವ ಡ್ರೈವ್‌ಗಳಲ್ಲಿ ಈ ಕೊನೆಯದು ಹಾರ್ಡ್ ಡಿಸ್ಕಿಗಿಂತ ಕಡಿಮೆಯೂ ಇರಬಹುದು: ಸ್ಯಾಮ್‌ಸಂಗ್ 870 ಕ್ಯೂವಿಒ 1 ಟಿಬಿ ಮಾದರಿಯಲ್ಲಿ ಸುಮಾರು 42 ಜಿಬಿ ಬರೆದ ಮೇಲೆ ಸೆಕೆಂಡಿಗೆ 80 ಎಂಬಿಗೆ ಇಳಿಯುತ್ತದೆ. ಕಂಪನಿಯೇ ಕೊಟ್ಟಿರುವ ಅಂಕಿ ಅದು.

ನೀವು ಮಾಡಬಹುದಾದ್ದು ಡ್ರೈವಿನಲ್ಲಿ 15ರಿಂದ 20 ಶೇಕಡಾ ಖಾಲಿ ಬಿಡುವುದು, ಯಾಕೆಂದರೆ ಈ ಕ್ಯಾಶ್‌ನ ದೊಡ್ಡ ಪಾಲು ಖಾಲಿ ಜಾಗದಿಂದಲೇ ಬರುತ್ತದೆ. ಜೊತೆಗೆ ಟ್ರಿಮ್ (ಅಳಿಸಿದ ಫೈಲುಗಳ ಜಾಗ ಖಾಲಿಯಾಗಿದೆ ಎಂದು ಡ್ರೈವಿಗೆ ತಿಳಿಸುವುದು) ನಡೆಯುತ್ತಿದೆಯೇ ನೋಡಿಕೊಳ್ಳಿ. ಡಿಫ್ರಾಗ್ಮೆಂಟ್ ಅಂಡ್ ಆಪ್ಟಿಮೈಸ್ ಡ್ರೈವ್ಸ್ ಕಿಟಕಿಯಲ್ಲಿ ನಿಮ್ಮ ಡ್ರೈವಿನ ಎದುರು ಸಾಲಿಡ್ ಸ್ಟೇಟ್ ಡ್ರೈವ್ ಎಂದಿರಬೇಕು, ವಾರಕ್ಕೊಮ್ಮೆ ನಡೆದ ದಿನಾಂಕ ಇರಬೇಕು. ಕ್ಲೋನ್ ಮಾಡಿದ ಸಿಸ್ಟಂನಲ್ಲಿ ಅದು ಹಾರ್ಡ್ ಡಿಸ್ಕ್ ಎಂದೇ ತೋರಿಸಿದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ವಿನ್‌ಸ್ಯಾಟ್ ಎಂಬ ವಿಂಡೋಸ್‌ನದೇ ವೇಗ ಪರೀಕ್ಷೆ ಒಮ್ಮೆ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ರ‍್ಯಾಮ್ ಅನ್ನು ಕ್ಯಾಶ್ ಮಾಡುವ ಸಾಫ್ಟ್‌ವೇರ್ ಹಾಕಿದರೆ 5,000 ಎಂಬಿ ವೇಗ ಬಂತು!

ಅಳೆದದ್ದು ರ‍್ಯಾಮ್‌ನ ವೇಗ. ಸ್ಯಾಮ್‌ಸಂಗ್ ಮೆಜಿಷಿಯನ್‌ನ ರ‍್ಯಾಪಿಡ್ ಮೋಡ್, ಕ್ರೂಷಿಯಲ್‌ನ ಮೊಮೆಂಟಮ್ ಕ್ಯಾಶ್ ಮಾಡುವುದು ಇದನ್ನೇ. ಓದಿದ ಫೈಲನ್ನು ಖಾಲಿ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಕೆಲಸವನ್ನು ವಿಂಡೋಸ್ ಮೊದಲೇ ಮಾಡುತ್ತಿರುವುದರಿಂದ ದಿನದ ಬಳಕೆಯಲ್ಲಿ ಸಿಗುವ ಹೆಚ್ಚುವರಿ ಸುಖ ಕಡಿಮೆ, ಕರೆಂಟ್ ಹೋದಾಗ ಕಳೆದುಕೊಳ್ಳುವುದು ಹೆಚ್ಚು. ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಪ್ರೋಗ್ರಾಂ ವಿಂಡೋಸ್‌ನ ಕ್ಯಾಶನ್ನು ಬದಿಗಿಟ್ಟು ಅಳೆಯುವುದರಿಂದ ಮೊದಲಿನ ಅಂಕಿ ಕಡಿಮೆ ಕಂಡು, ಆಮೇಲಿನದು ಪವಾಡದಂತೆ ಕಾಣುತ್ತದೆ. ನಿಜವಾದ ವೇಗ ಬೇಕಿದ್ದರೆ ಪರೀಕ್ಷೆಯ ಗಾತ್ರವನ್ನು 1 ಜಿಬಿಯಿಂದ 32 ಅಥವಾ 64 ಜಿಬಿಗೆ ಏರಿಸಿ ಅಳೆಯಿರಿ. ದಿನಾ ಮಾಡುವ ಪರೀಕ್ಷೆಯಲ್ಲ, ಒಮ್ಮೆ ಸಾಕು.

ಲಿನಕ್ಸ್‌ನಲ್ಲಿ ಕಾಪಿ 100 ಶೇಕಡಾ ಆಯಿತು ಎನ್ನುತ್ತದೆ, ಆದರೆ ಎಜೆಕ್ಟ್ ಮಾಡಲು ಐದು ನಿಮಿಷ. ನಡುವೆ ಬೇರೆ ಕೆಲಸವೂ ತಡವರಿಸುತ್ತದೆ.

ಬದಲಿಸಿ ಎಂದು ಧೈರ್ಯವಾಗಿ ಹೇಳಬಹುದಾದ ಎರಡನೇ ಜಾಗ ಇದು. ಲಿನಕ್ಸ್ ಬರೆಯದೆ ಉಳಿಸಿಕೊಳ್ಳುವ ಡೇಟಾದ ಮಿತಿ ಶೇಕಡಾವಾರಿನಲ್ಲಿದೆ: ಲಭ್ಯ ಮೆಮರಿಯ 10 ಶೇಕಡಾ ಆದಾಗ ಹಿನ್ನೆಲೆಯಲ್ಲಿ ಬರೆಯಲು ಶುರು, 20 ಆದಾಗ ಬರೆಯುವ ಪ್ರೋಗ್ರಾಂಗಳನ್ನೇ ತಡೆದು ನಿಲ್ಲಿಸುತ್ತದೆ. ರ‍್ಯಾಮ್ 512 ಎಂಬಿ ಇದ್ದಾಗ ಇದು ಚಿಕ್ಕ ಮೊತ್ತ. 16 ಜಿಬಿ ಯಂತ್ರದಲ್ಲಿ 3 ಜಿಬಿಯಷ್ಟು ಬಾಕಿ ಕೂಡಿಬಿಡುತ್ತದೆ, ಸೆಕೆಂಡಿಗೆ 10 ಎಂಬಿ ಬರೆಯುವ ಪೆನ್‌ಡ್ರೈವ್ ಅದನ್ನು ಇಳಿಸಲು ಐದು ನಿಮಿಷ ತೆಗೆದುಕೊಳ್ಳುತ್ತದೆ.

ಶೇಕಡಾವಾರಿನ ಬದಲು ಬೈಟ್ ಲೆಕ್ಕದಲ್ಲಿ ಮಿತಿ ಹಾಕಿ. ಇಟಿಸಿಯ ಒಳಗಿನ ಸಿಸ್‌ಸಿಟಿಎಲ್ ಡಾಟ್ ಡಿ ಫೋಲ್ಡರಿನಲ್ಲಿ ಕಾನ್ಫ್ ಫೈಲೊಂದನ್ನು ಮಾಡಿ, ವಿಎಂ ಡಾಟ್ ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್‌ಗೆ 67108864, ವಿಎಂ ಡಾಟ್ ಡರ್ಟಿ ಬೈಟ್ಸ್‌ಗೆ 268435456 ಎಂದು ಬರೆಯಿರಿ. ಅಂದರೆ 64 ಎಂಬಿ, 256 ಎಂಬಿ. ಫೈಲಿನಲ್ಲಿ ಇವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಡಾಟ್ ನಂತರದ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು. ರೀಬೂಟ್ ಮಾಡಿದರೆ ಜಾರಿಗೆ ಬರುತ್ತದೆ. ಆಮೇಲೆ ರೇಶಿಯೊ ಸೆಟ್ಟಿಂಗ್‌ಗಳು 0 ಎಂದು ತೋರಿಸಿದರೆ ಗಾಬರಿ ಬೇಡ, ಬೈಟ್ಸ್ ಹಾಕಿದಾಗ ಹಾಗೆಯೇ ಆಗುವುದು. ಸರ್ವರ್‌ನಲ್ಲಿ, ಅದರಲ್ಲೂ ಒಮ್ಮೆಲೇ ಅಪಾರ ಬರೆಯುವ ಕೆಲಸವಿದ್ದರೆ, ಈ ಅಂಕಿ ತೀರ ಚಿಕ್ಕದು.

ಸ್ವಾಪಿನೆಸ್ 1 ಮಾಡಿ ಎನ್ನುತ್ತಾರಲ್ಲ?

ರ‍್ಯಾಮ್‌ನಲ್ಲಿರುವುದನ್ನು ಡ್ರೈವಿನ ಸ್ವಾಪ್ ಜಾಗಕ್ಕೆ (ಲಿನಕ್ಸ್‌ನ ಪೇಜ್‌ಫೈಲ್) ಸಾಗಿಸಲು ಲಿನಕ್ಸ್ ಎಷ್ಟು ಒಲವು ತೋರಬೇಕು ಎಂಬ ಅಂಕಿ ಇದು. ಸಹಜ ಬೆಲೆ 60, ಅಲ್ಲೇ ಬಿಡಿ. ಇದನ್ನು ತಳಕ್ಕಿಳಿಸಿದರೆ ಮೆಮರಿ ಸಾಲದಾದಾಗ ಕರ್ನೆಲ್ ಸ್ವಾಪ್ ಬದಲು ಫೈಲ್ ಕ್ಯಾಶನ್ನೇ ಎಸೆಯುತ್ತದೆ. ಎಸೆದದ್ದನ್ನು ಮತ್ತೆ ಓದಬೇಕು, ಕಂಪ್ಯೂಟರ್ ಎಳೆಯುತ್ತದೆ. ಸ್ವಾಪ್ ಬರಹವೇ ಕಣ್ಣು ಕುಕ್ಕುತ್ತಿದ್ದರೆ ರ‍್ಯಾಮ್‌ನೊಳಗೇ ಕುಗ್ಗಿಸಿ ಇಡುವ ಝಡ್‌ರ‍್ಯಾಮ್ ಬಳಸಿ. ಫೆಡೋರಾ 33ರಿಂದ ಅದನ್ನೇ ಸಹಜವಾಗಿ ಕೊಡುತ್ತಿದೆ.

ಫೈಲ್ ಓದಿದ ಸಮಯವನ್ನು ಬರೆದಿಡುವುದನ್ನು ನಿಲ್ಲಿಸುವ ನೋಎಟೈಮ್ ಹಾಕಿದರೆ ಕೆಡುವುದೇನಿಲ್ಲ, ಲಾಭವೂ ಅಲ್ಪ. 2009ರ 2.6.30 ಕರ್ನೆಲ್‌ನಿಂದಲೇ ಆ ಬರಹವನ್ನು ಬಹುಪಾಲು ತಗ್ಗಿಸುವ ರೆಲ್‌ಎಟೈಮ್ ಸಹಜವಾಗಿದೆ. ಆದರೆ ಲಿನಕ್ಸ್‌ನ ಫೈಲ್ ಸಿಸ್ಟಂ ಆದ ಇಎಕ್ಸ್‌ಟಿ4ಗೆ ಬ್ಯಾರಿಯರ್ 0 ಎಂದು ಹಾಕಿ ಫ್ಲಶ್ ನಿಲ್ಲಿಸುವ ಸಲಹೆ ಕಂಡರೆ ದೂರವಿರಿ. ವಿಂಡೋಸ್‌ನ ಆ ಎರಡನೇ ಟಿಕ್‌ಗೆ ಇದು ಅಣ್ಣ. ಇನ್ನೊಂದು ಫೈಲ್ ಸಿಸ್ಟಂ ಆದ ಎಕ್ಸ್‌ಎಫ್‌ಎಸ್‌ನಿಂದ ಇಂಥ ಆಯ್ಕೆಯನ್ನೇ ಕಿತ್ತುಹಾಕಿದ್ದಾರೆ.

ಡೇಟಾಬೇಸ್ ನಿಧಾನ. ಫ್ಲಶ್ ನಿಲ್ಲಿಸದೆ ಬೇರೆ ದಾರಿ ಇದೆಯೇ?

ಪೋಸ್ಟ್‌ಗ್ರೆ‌ಎಸ್‌ಕ್ಯೂಎಲ್‌ನಲ್ಲಿ ಎಫ್‌ಸಿಂಕ್ (ಡೇಟಾ ಡ್ರೈವಿಗೆ ಇಳಿಯಿತೆಂದು ಖಚಿತಪಡಿಸುವ ಸೆಟ್ಟಿಂಗ್) ಆಫ್ ಮಾಡಬೇಡಿ, ಡೇಟಾಬೇಸ್ ಇಡಿಯಾಗಿ ಕೆಡಬಹುದು. ಅದರ ಬದಲು ಪ್ರತಿ ವ್ಯವಹಾರವೂ ಡ್ರೈವಿಗೆ ಇಳಿಯುವ ತನಕ ಕಾಯಿಸುವ ಸಿಂಕ್ರೊನಸ್ ಕಮಿಟ್ ಆಫ್ ಮಾಡಬಹುದು. ಸಹಜ ಸೆಟ್ಟಿಂಗ್‌ನಲ್ಲಿ ಕರೆಂಟ್ ಹೋದರೆ ಹೆಚ್ಚೆಂದರೆ ಕೊನೆಯ 600 ಮಿಲಿಸೆಕೆಂಡಿನ ವ್ಯವಹಾರ ಹೋಗುತ್ತದೆ, ಉಳಿದದ್ದು ಕೆಡುವುದಿಲ್ಲ. ಹಾಜರಿ, ಲಾಗ್‌ನಂಥವಕ್ಕೆ ಇದು ನಡೆಯುತ್ತದೆ, ಹಣದ ಲೆಕ್ಕಕ್ಕೆ ಬೇಡ. ಹಣದ ಲೆಕ್ಕವಾದರೆ ಕೆಪಾಸಿಟರ್ ಇರುವ ಸರ್ವರ್ ಎಸ್‌ಎಸ್‌ಡಿ ಕೊಳ್ಳುವುದೇ ಸರಿಯಾದ ಖರ್ಚು.

ಈಗಾಗಲೇ ಏನೇನೋ ಬದಲಿಸಿಬಿಟ್ಟಿದ್ದೇನೆ. ಮೊದಲಿನಂತೆ ಮಾಡುವುದು ಹೇಗೆ?

ಪಾಲಿಸೀಸ್ ಟ್ಯಾಬಿನಲ್ಲಿ ಮೊದಲ ಟಿಕ್ ಇರಲಿ, ಎರಡನೆಯದು ತೆಗೆಯಿರಿ. ಸರ್ವೀಸಸ್‌ನಲ್ಲಿ ಸಿಸ್‌ಮೇನ್ ಅನ್ನು ಆಟೊಮ್ಯಾಟಿಕ್‌ಗೆ ತಂದು ಸ್ಟಾರ್ಟ್ ಮಾಡಿ. ರಿಜಿಸ್ಟ್ರಿಯಲ್ಲಿ ಎನೇಬಲ್ ಪ್ರಿಫೆಚರ್ ಬೆಲೆಯನ್ನು 0 ಮಾಡಿದ್ದರೆ 3ಕ್ಕೆ ತನ್ನಿ. ಪೇಜ್‌ಫೈಲ್ ಆಟೊಮ್ಯಾಟಿಕ್‌ಗೆ, ಆಪ್ಟಿಮೈಸ್ ಡ್ರೈವ್ಸ್‌ನ ವಾರದ ವೇಳಾಪಟ್ಟಿ ಆನ್‌ಗೆ. "ಎಸ್‌ಎಸ್‌ಡಿ ಆಪ್ಟಿಮೈಸರ್" ಎಂಬ ಸಾಫ್ಟ್‌ವೇರ್ ಹಾಕಿದ್ದರೆ ಅದರೊಳಗಿನ ರಿಸ್ಟೋರ್ ಆಯ್ಕೆ ಬಳಸಿದ ಮೇಲೆಯೇ ಅನ್‌ಇನ್‌ಸ್ಟಾಲ್ ಮಾಡಿ.

ಎರಡನೇ ಟಿಕ್ ಇದ್ದ ದಿನಗಳಲ್ಲಿ ಕರೆಂಟ್ ಹೋಗಿದ್ದರೆ ಮುಖ್ಯ ಫೈಲುಗಳನ್ನು ಮೊದಲು ಬೇರೆ ಡ್ರೈವಿಗೆ ಕಾಪಿ ಮಾಡಿ. ನಂತರ ಸಿ ಡ್ರೈವಿನ ಪ್ರಾಪರ್ಟೀಸ್, ಟೂಲ್ಸ್ ಟ್ಯಾಬಿನಲ್ಲಿ ಚೆಕ್ ಒತ್ತಿ. ಇವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ ಎನ್‌ಟಿಎಫ್‌ಎಸ್ ಹೆಸರಿನ 55 ಸಂಖ್ಯೆಯ ದೋಷ ಕಂಡರೆ ಫೈಲ್ ಸಿಸ್ಟಂಗೆ ಪೆಟ್ಟು ಬಿದ್ದಿದೆ ಎಂದರ್ಥ. ಅದರ ಹಿಂದೆಯೇ ಕರ್ನೆಲ್-ಪವರ್ 41 ಇದ್ದರೆ ಯಂತ್ರ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. 153 ಸಂಖ್ಯೆಯ ಡಿಸ್ಕ್ ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿದ್ದರೆ ಕ್ಯಾಶ್ ವಿಷಯ ಬಿಟ್ಟು ಕೇಬಲ್ ಅಥವಾ ಡ್ರೈವನ್ನೇ ಪರೀಕ್ಷಿಸಿ.